ತುಪ್ಪ ಬಡಿಸಿದ ಕೈ ಯಾರದು?

ಒಳ್ಳೆಯ ಹೆಸರು ಸಂಪಾದಿಸುವುದು ಕಷ್ಟ, ಕೆಟ್ಟ ಹೆಸರು ತಾನಾಗಿಯೇ ಬರುತ್ತದೆ ಎಂದು ಹೇಳುವವರನ್ನು ನೋಡಿದ್ದೇನೆ. ಅವರು ಯಾರೂ ಕೆಟ್ಟ ಹೆಸರಿಗಾಗಿ ನನ್ನಷ್ಟು ದುಡಿದವರಲ್ಲ. ದೆಹಲಿಯ ಕನ್ನಡಿಗರ ನಡುವೆ, ಅದರಲ್ಲೂ ಆರ್.ಕೆ.ಪುರಂ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಅರ್ಧ ಆಯುಷ್ಯ ಕಳೆದವರ ನಡುವೆ, ನನ್ನನ್ನು 'ತೊಟ್ಟು ಶೇಷಾದ್ರಿ' ಎನ್ನುತ್ತಾರೆ. ಈ ಬಿರುದು ಒಂದೇ ದಿನದಲ್ಲಿ ಬಂದದ್ದಲ್ಲ. ನಮ್ಮ ಕನ್ನಡ ಬಳಗದ ಹಬ್ಬದೂಟಗಳಲ್ಲಿ ಹದಿನಾಲ್ಕು ವರ್ಷ ತುಪ್ಪ ಬಡಿಸಿ, ಒಬ್ಬೊಬ್ಬರ ತೊವ್ವೆಯ ಮೇಲೂ ಒಂದೇ ಒಂದು ತೊಟ್ಟು ಬಿಟ್ಟು, ಎರಡನೆಯದು ಬೀಳುವ ಮೊದಲೇ ಕೈ ಹಿಂದಕ್ಕೆಳೆದುಕೊಂಡು ಗಳಿಸಿದ್ದು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಅದರ ಅರ್ಥ ಗೊತ್ತಿಲ್ಲ. ಅದು ನನ್ನ ಊರಿನ ಹೆಸರಿರಬೇಕು ಎಂದುಕೊಂಡು 'ತೊಟ್ಟು ಅಂಕಲ್, ನಮಸ್ತೇ' ಎನ್ನುತ್ತವೆ. ನಾನು ತಿದ್ದಲು ಹೋಗಿಲ್ಲ. ನಿಜ ಹೇಳಬೇಕೆಂದರೆ, ಆ ಹೆಸರಿನ ಮೇಲೆ ನನಗೆ ಸ್ವಲ್ಪ ಮೋಹವೇ ಇತ್ತು.

ಇದರಲ್ಲಿ ಮೋಹಪಡುವಂಥದ್ದೇನಿದೆ ಎಂದು ನೀವು ಕೇಳಬಹುದು. ನಮ್ಮ ಬಳಗದ ಪದ್ಧತಿ ಗೊತ್ತಿಲ್ಲದವರು ಹಾಗೆ ಕೇಳುವುದು ಸಹಜ. ನಾವೆಲ್ಲ ಕೇಂದ್ರ ಸರ್ಕಾರದ ಅನ್ನ ತಿಂದವರು. ಸೀನಿಯಾರಿಟಿ ಪಟ್ಟಿ ಇಲ್ಲದಿದ್ದರೆ ನಮಗೆ ತಿಂದದ್ದು ಅರಗುವುದಿಲ್ಲ. ಬಡಿಸುವುದರಲ್ಲೂ ಅಷ್ಟೆ. ಹೊಸದಾಗಿ ದೆಹಲಿಗೆ ವರ್ಗವಾಗಿ ಬಂದವರು ಉಪ್ಪು ಬಡಿಸಬೇಕು. ಮೂರು ವರ್ಷ ಉಪ್ಪಿನಲ್ಲಿ ದೂರಿಲ್ಲದೆ ಕಳೆದರೆ ಉಪ್ಪಿನಕಾಯಿಗೆ ಬಡ್ತಿ. ಅಲ್ಲಿಂದ ಕೋಸಂಬರಿ, ಪಲ್ಯ, ಗೊಜ್ಜು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಅನ್ನದ ಬುಟ್ಟಿಗೆ ಸೀನಿಯಾರಿಟಿಯ ಜೊತೆಗೆ ಸೊಂಟದ ಸ್ಥಿತಿಯನ್ನೂ ಪರಿಗಣಿಸಲಾಗುತ್ತದೆ. ತುಪ್ಪ ಎಲ್ಲಕ್ಕಿಂತ ಮೇಲಿನ ಹುದ್ದೆ. ತೊವ್ವೆಯ ಮೇಲೆ ತುಪ್ಪ ಬೀಳುವವರೆಗೆ ಇಡೀ ಪಂಕ್ತಿಯಲ್ಲಿ ಒಬ್ಬರೂ ಬಾಯಿಗೆ ತುತ್ತಿಡುವಂತಿಲ್ಲ, ಅವರು ಎಷ್ಟೇ ದೊಡ್ಡವರಾಗಿರಲಿ. ಒಮ್ಮೆ ಒಬ್ಬ ಜಾಯಿಂಟ್ ಸೆಕ್ರೆಟರಿ ನಮ್ಮ ಬಳಗಕ್ಕೆ ಸೇರಿದರು. ಕಚೇರಿಯಲ್ಲಿ ನಾನು ಅವರ ಮುಂದೆ ಫೈಲು ಹಿಡಿದು ನಿಲ್ಲುತ್ತಿದ್ದೆ. ಪಂಕ್ತಿಯಲ್ಲಿ ಅವರು ಉಪ್ಪಿನ ಬಟ್ಟಲು ಹಿಡಿದು ಬಗ್ಗಿ ಬಗ್ಗಿ ಹೋದ ಮೇಲೆ, ಕಡೆಯಲ್ಲಿ ನಾನು ತುಪ್ಪದ ಪುಟ್ಟ ಸೌಟು, ಅಂದರೆ ಮಿಳ್ಳೆ, ಹಿಡಿದು ನೆಟ್ಟಗೆ ಬರುತ್ತಿದ್ದೆ. ಅಂಡರ್ ಸೆಕ್ರೆಟರಿಯಾಗಿ ನಿವೃತ್ತನಾದ ಮರುವಾರ ಒಂದು ಕಾಗದಕ್ಕಾಗಿ ನನ್ನದೇ ಕಚೇರಿಗೆ ಹೋದಾಗ, ಗೇಟಿನಲ್ಲಿದ್ದವನು ನನ್ನನ್ನು ತಡೆದು 'ಕಿಸ್ ಸೇ ಮಿಲ್ನಾ ಹೈ', ಯಾರನ್ನು ನೋಡಬೇಕು ಎಂದು ಕೇಳಿದ್ದ. ಹೀಗಾಗಿ ನನಗೆ ಕಾಯಂ ಆಗಿ ಉಳಿದಿದ್ದ ಹುದ್ದೆ ತುಪ್ಪದ್ದೊಂದೇ.

ಎರಡು ವರ್ಷದ ಹಿಂದೆ ನನ್ನ ಬಲಗೈ ತನ್ನದೇ ಒಂದು ಧೋರಣೆಯನ್ನು ತೋರಿಸತೊಡಗಿತು. ಸುಮ್ಮನೆ ತೊಡೆಯ ಮೇಲಿಟ್ಟರೆ ಬೀಡಿ ಕಟ್ಟುವವರ ಹಾಗೆ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ತಿಕ್ಕುತ್ತಿದ್ದವು. ನನ್ನ ಹೆಂಡತಿ ಲಲಿತಾ ಮೊದಮೊದಲು ನಾನು ಏನೋ ಜಪ ಮಾಡುತ್ತಿದ್ದೇನೆಂದು ಭಾವಿಸಿ ಸಂತೋಷಪಟ್ಟಿದ್ದಳು. ಕಡೆಗೆ ಹೌಜ್ ಖಾಸ್‌ನಲ್ಲಿ ಒಬ್ಬ ನರರೋಗದ ಡಾಕ್ಟರನ್ನು ನೋಡಿದೆವು. ನಮ್ಮ ಮಗಳ ವಯಸ್ಸಿನ ಹುಡುಗಿ. ಬೆರಳು ಕುಟ್ಟಿ ಎಂದಳು, ಕುಟ್ಟಿದೆ. ಕಾರಿಡಾರಿನಲ್ಲಿ ನಡೆಯಿರಿ ಎಂದಳು, ನಡೆದೆ. ಒಂದು ಸಾಲು ಏನಾದರೂ ಬರೆಯಿರಿ ಎಂದಾಗ ಹಳೆಯ ಅಭ್ಯಾಸಬಲದಿಂದ 'ಮೇಲಧಿಕಾರಿಗಳ ಒಪ್ಪಿಗೆಗಾಗಿ ಸಲ್ಲಿಸಲಾಗಿದೆ' ಎಂಬರ್ಥದ ಇಂಗ್ಲಿಷ್ ವಾಕ್ಯ ಬರೆದೆ. ಸಾಲಿನ ಆರಂಭದಲ್ಲಿ ಕಡಲೆಕಾಳಿನಷ್ಟಿದ್ದ ಅಕ್ಷರ ಮುಗಿಯುವ ಹೊತ್ತಿಗೆ ಸಾಸಿವೆಯಾಗಿತ್ತು. ಇತ್ತೀಚೆಗೆ ಇವರು ನಗುವುದು ಕಡಿಮೆಯಾಗಿದೆಯೇ ಎಂದು ಅವಳು ಲಲಿತಾಳನ್ನು ಕೇಳಿದಳು. ಮೊದಲಿನಿಂದಲೂ ಇವರು ತಾವು ಹೇಳಿದ ಜೋಕಿಗೆ ಮಾತ್ರ ನಗುತ್ತಿದ್ದರು, ಈಗ ಅದಕ್ಕೂ ಇಲ್ಲ ಎಂದು ಲಲಿತಾ ಪ್ರಾಮಾಣಿಕವಾಗಿ ಹೇಳಿಕೆ ಕೊಟ್ಟಳು. ಡಾಕ್ಟರು ಪಾರ್ಕಿನ್ಸನ್ಸ್ ಎಂದಳು. ಕೈಯಲ್ಲಿ ದೋಷವಿಲ್ಲ, ಮೆದುಳಿನಿಂದ ಹೊರಡುವ ಆದೇಶ ಕೈಗೆ ತಲುಪುವುದು ತಡವಾಗುತ್ತದೆ, ತಲುಪಿದರೂ ಪೂರ್ತಿ ಜಾರಿಯಾಗುವುದಿಲ್ಲ ಎಂದು ವಿವರಿಸಿದಳು. ಬೇರೆಯವರಿಗೆ ಇದು ಅರ್ಥವಾಗಲು ಸಮಯ ಹಿಡಿಯುತ್ತದಂತೆ. ಮೂವತ್ತಾರು ವರ್ಷ ಅಂಥದೇ ವ್ಯವಸ್ಥೆಯಲ್ಲಿ ಕೆಲಸ ಮಾಡಿದ ನನಗೆ ತಕ್ಷಣ ಅರ್ಥವಾಯಿತು.

ಮನೆಗೆ ಬರುವಾಗ ಆಟೋದಲ್ಲೇ ಲಲಿತಾಳಿಗೆ ಹೇಳಿದೆ, ಬಳಗದಲ್ಲಿ ಯಾರಿಗೂ ತಿಳಿಯಕೂಡದು. ಇದಕ್ಕೆ ಕಾರಣವಿದೆ. ನಮ್ಮವರಿಗೆ ಒಬ್ಬನ ಕಾಯಿಲೆ ಗೊತ್ತಾದರೆ ಸಾಕು, ಅದನ್ನು ಅವನ ಹೆಸರಿನ ಹಿಂದೆ ಅಂಟಿಸಿಬಿಡುತ್ತಾರೆ. ಸೊಗಸಾಗಿ ವೀಣೆ ನುಡಿಸುತ್ತಿದ್ದ ರಾಮರಾಯರು ಆಪರೇಷನ್ ಆದ ದಿನದಿಂದ ಬೈಪಾಸ್ ರಾಮರಾಯರಾದರು. ಲೋಧಿ ಕಾಲೊನಿಯ ಕಮಲಮ್ಮನವರು ಎರಡು ಎಂ.ಎ. ಮಾಡಿದವರು, ಈಗ ಬರೀ ಮಂಡಿ ಕಮಲಮ್ಮ. ಅವರ ಎರಡು ಎಂ.ಎ.ಗಳನ್ನು ಒಂದು ಮಂಡಿ ನುಂಗಿತು. ನಾನು ತೊಟ್ಟು ಶೇಷಾದ್ರಿಯಾಗಿ ಸಾಯಲು ಸಿದ್ಧನಿದ್ದೆ, ನಡುಕದ ಶೇಷಾದ್ರಿಯಾಗಿ ಬದುಕಲು ಸಿದ್ಧನಿರಲಿಲ್ಲ. ಜಿಪುಣತನ ನಾನೇ ಬೆಳೆಸಿಕೊಂಡ ಗುಣ, ನಡುಕ ಯಾರೋ ತಂದು ಹಾಕಿದ್ದು. ನನ್ನ ಹೆಸರಿನಲ್ಲಿ ನನ್ನ ಸ್ವಂತ ಸಂಪಾದನೆಯೇ ಇರಲಿ ಎಂಬುದು ನನ್ನ ವಾದ. ಲಲಿತಾ ಈ ವಾದ ಕೇಳಿ, ಆಟೋದಿಂದ ಇಳಿಯುವಾಗ ಜೋಪಾನ ಎಂದಳು.

ಗುಟ್ಟು ಕಾಪಾಡಲು ಕಾಯಿಲೆಯೇ ನನಗೆ ನೆರವಾಯಿತು ಎಂದರೆ ನಂಬುತ್ತೀರಾ? ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಒಳಗೆ ನಗುತ್ತಿದ್ದರೂ ಹೊರಗೆ ಕಂಬದ ಹಾಗಿರುತ್ತೀರಿ. ನಮ್ಮ ಕಾಲೊನಿಗೆ ಬರುವ ತರಕಾರಿ ಭಯ್ಯಾ ಹಿಂದೆಲ್ಲ ನನ್ನೊಂದಿಗೆ ಚೌಕಾಶಿಯಲ್ಲಿ ಅರ್ಧ ಗಂಟೆ ಕಾದಾಡುತ್ತಿದ್ದ. ಈಗ ನಾನು ಹೂಕೋಸಿನ ಬೆಲೆ ಕೇಳಿ ಸುಮ್ಮನೆ ನಿಂತರೆ ಸಾಕು, ನನ್ನ ಮುಖ ನೋಡಿ ಕೋಪ ಬಂದಿದೆಯೆಂದುಕೊಂಡು 'ಅಚ್ಛಾ ಬಾಬೂಜಿ, ನಾರಾಜ್ ಮತ್ ಹೋಯಿಯೇ' ಎಂದು ತಾನಾಗಿಯೇ ಇಳಿಸಿ, ಮೇಲೊಂದು ಹಿಡಿ ಕೊತ್ತಂಬರಿ ಹಾಕುತ್ತಾನೆ. ಕಚೇರಿಯಲ್ಲಿ ಇಂಥ ಮುಖವಿದ್ದಿದ್ದರೆ ಕಾರ್ಯದರ್ಶಿಯಾಗಿಯೇ ನಿವೃತ್ತನಾಗುತ್ತಿದ್ದೆನೋ ಏನೋ. ಗುರುಗ್ರಾಮದಲ್ಲಿರುವ ಮಗಳು ಮೇಘನಾ ಮಾತ್ರ ವಿಡಿಯೋ ಕಾಲ್ ಮಾಡಿದಾಗಲೆಲ್ಲ 'ಅಪ್ಪಾ, ಕ್ಯಾ ಹುವಾ? ನನ್ನ ಮೇಲೆ ಕೋಪಾನಾ?' ಎಂದು ಕೇಳುತ್ತಾಳೆ. ಇಲ್ಲಮ್ಮ, ಬಹಳ ಖುಷಿಯಾಗಿದ್ದೇನೆ ಎಂದು ಅದೇ ಕಂಬದ ಮುಖದಲ್ಲಿ ಹೇಳುತ್ತೇನೆ. ಅವಳಿಗೆ ಇನ್ನಷ್ಟು ಗಾಬರಿಯಾಗುತ್ತದೆ. ಅದೊಂದು ನನಗೆ ಸಂಕಟದ ವಿಷಯ.

ಇನ್ನು ಮಾತ್ರೆಯ ಕತೆಯೇ ಬೇರೆ. ಈ ಮಾತ್ರೆಗಳಿಂದ ಕೆಲವರಿಗೆ ಸಿಕ್ಕಿದ್ದೆಲ್ಲ ಕೊಳ್ಳಬೇಕೆನ್ನುವ ಹುಚ್ಚು ಹತ್ತಬಹುದು, ಗಮನವಿರಲಿ ಎಂದು ಡಾಕ್ಟರು ಲಲಿತಾಳಿಗೆ ಎಚ್ಚರಿಕೆ ಕೊಟ್ಟುಬಿಟ್ಟಿದ್ದಳು. ಅಂದಿನಿಂದ ನಾನು ಏನು ಬಯಸಿದರೂ ಮನೆಯಲ್ಲಿ ಒಂದೇ ಪ್ರಶ್ನೆ: 'ಇದು ನೀವಾ, ಮಾತ್ರೆಯಾ?' ಮಧ್ಯಾಹ್ನ ಇನ್ನೊಂದು ಲೋಟ ಕಾಫಿ ಬೇಕು ಎಂದರೂ ಅದೇ ವಿಚಾರಣೆ. ಒಂದು ದಿನ ಲಾಜಪತ್ ನಗರಕ್ಕೆ ಪರದೆ ಬಟ್ಟೆ ತರಲು ಹೋದವನು ಹಾರ್ಮೋನಿಯಂ ತಂದೆ. ತಪ್ಪಿಸಿಕೊಳ್ಳಲು ಮಾತ್ರೆಯ ಮೇಲೆ ಹಾಕಿದೆ. ಡಾಕ್ಟರು ಮಾತ್ರೆ ಬದಲಿಸಿದಳು. ಹಾರ್ಮೋನಿಯಂ ಆಸೆ ಹೋಗಲಿಲ್ಲ. ಕಡೆಗೆ, ಎಂಟನೆಯ ಕ್ಲಾಸಿನಿಂದಲೂ ನನಗೆ ಆ ಆಸೆಯಿತ್ತು, ಹೇಳಲು ನಾಚಿಕೆಯಾಗಿತ್ತು ಎಂದು ಒಪ್ಪಿಕೊಳ್ಳಬೇಕಾಯಿತು. ನನ್ನ ಯಾವ ಆಸೆ ನನ್ನದು, ಯಾವುದು ಮಾತ್ರೆಯದು ಎಂದು ಅರವತ್ತೇಳನೆಯ ವಯಸ್ಸಿನಲ್ಲಿ ವಿಂಗಡಿಸಲು ಕೂರುವುದು ತಮಾಷೆಯ ಕೆಲಸವಲ್ಲ. ಆದರೂ ನಾವಿಬ್ಬರೂ ಆ ಕೆಲಸ ಮಾಡುತ್ತ ಬಹಳ ನಕ್ಕಿದ್ದೇವೆ, ಅವಳು ಹೊರಗೆ, ನಾನು ಒಳಗೆ.

ಹೀಗಿರುವಾಗ ಗಣೇಶನ ಹಬ್ಬ ಬಂತು. ಆರ್.ಕೆ.ಪುರಂನ ಸಮುದಾಯ ಭವನದಲ್ಲಿ ಬಳಗದ ಊಟ, ಮೂರು ಪಂಕ್ತಿ. ಅಡಿಗೆ ಎಂದಿನಂತೆ ವಾಸುದೇವ ಭಟ್ಟರದು. ಕುಂದಾಪುರದ ಕಡೆಯ ಭಟ್ಟರಿಗೆ ಮುನಿರ್ಕಾದ ಹತ್ತಿರ ಪುಟ್ಟ ಹೋಟೆಲಿದೆ, ಇಪ್ಪತ್ತೆರಡು ವರ್ಷದಿಂದ ನಮ್ಮ ಬಳಗಕ್ಕೆ ಅವರೇ ಅಡಿಗೆಯವರು. ಲಲಿತಾ ಈ ವರ್ಷ ಬಡಿಸುವುದು ಬೇಡ ಎಂದಳು. ನಾನು ಕೇಳಲಿಲ್ಲ. ಮಾತ್ರೆ ನುಂಗಿ, ಕೈ ಹಿಡಿತದಲ್ಲಿದೆಯೇ ಎಂದು ಸ್ನಾನದ ಮನೆಯಲ್ಲಿ ಮಗ್ಗಿನಿಂದ ನೀರು ಸುರಿದು ಪರೀಕ್ಷಿಸಿಕೊಂಡು ಹೊರಟೆ. ನಮ್ಮ ಸಭೆ ಸಮಾರಂಭಗಳು ಹೇಳಿದ ಹೊತ್ತಿಗೆ ಶುರುವಾಗುವುದಿಲ್ಲ ಎಂಬುದನ್ನು ಮರೆತಿದ್ದೆ. ಪೂಜೆ, ಮಂಗಳಾರತಿ, ಅಧ್ಯಕ್ಷರ ಭಾಷಣ ಎಲ್ಲ ಮುಗಿದು ಮೊದಲನೆಯ ಪಂಕ್ತಿ ಕೂರುವ ಹೊತ್ತಿಗೆ ನನ್ನ ಮಾತ್ರೆಯ ಪ್ರಭಾವ ಇಳಿಯತೊಡಗಿತ್ತು. ಮೊದಲ ಎಲೆಯ ಮುಂದೆ ಬಗ್ಗಿ ಮಿಳ್ಳೆಯನ್ನು ಓರೆ ಮಾಡಿದೆ. ತೊಟ್ಟು ಬಿತ್ತು. ಸಾಕು, ಮೇಲೇಳು ಎಂದು ಕೈಗೆ ಆದೇಶ ಕಳಿಸಿದೆ. ಕೈ ಆ ಕಡತವನ್ನು ಇಟ್ಟುಕೊಂಡು ಕೂತಿತು. ಮಿಳ್ಳೆ ಪೂರ್ತಿ ಖಾಲಿಯಾದ ಮೇಲೆ ನಿಧಾನವಾಗಿ ಎದ್ದಿತು. ಎಲೆಯ ಮುಂದೆ ಕೂತಿದ್ದವರು ತೊವ್ವೆಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು.

ಮೂರನೆಯ ಎಲೆಯ ಹೊತ್ತಿಗೆ ಸುದ್ದಿ ಸಾಲಿನ ಕೊನೆಯವರೆಗೂ ಹೋಗಿತ್ತು. ಶೇಷಾದ್ರಿ ಬದಲಾಗಿದ್ದಾನೆ, ವಯಸ್ಸಾದಂತೆ ಮನಸ್ಸು ಮಾಗಿದೆ, ಕೈ ಎಷ್ಟು ಧಾರಾಳವಾಗಿದೆ ನೋಡಿ, ಅಂತೆಲ್ಲ. ಇಲ್ಲಿ ನನ್ನ ನೀಚತನವನ್ನು ಮುಚ್ಚಿಡದೆ ಹೇಳುತ್ತೇನೆ. ನಾನು ಆಗಲೇ ಮಿಳ್ಳೆಯನ್ನು ಇನ್ನೊಬ್ಬರ ಕೈಗೆ ಕೊಡಬಹುದಿತ್ತು. ಆದರೆ ಹೊಗಳಿಕೆಯ ರುಚಿ ಹತ್ತಿಬಿಟ್ಟಿತ್ತು. ಹದಿನಾಲ್ಕು ವರ್ಷ ಜಿಪುಣ ಎನ್ನಿಸಿಕೊಂಡವನನ್ನು ಜನ ಏಕಾಏಕಿ ಕರ್ಣ ಎಂದರೆ, ಅದೂ ತನ್ನ ಕೈ ತನ್ನ ಮಾತು ಕೇಳದಿರುವುದನ್ನು ಯಾರೂ ಗಮನಿಸದಿರುವಾಗ, ಯಾವನು ತಾನೇ ಬಿಟ್ಟುಕೊಡುತ್ತಾನೆ? ಎರಡನೆಯ ಪಂಕ್ತಿಗೂ ಅದೇ ಧಾರಾಳ. ಮೂರನೆಯ ಪಂಕ್ತಿಯ ನಡುವೆ ಡಬ್ಬ ಬರಿದಾಯಿತು. ಸಾಲಿನ ತುದಿಯಲ್ಲಿ ಕೂತಿದ್ದವರು ಪದ್ಮಕ್ಕ. ಎಂಬತ್ತನಾಲ್ಕು ವರ್ಷ, ಬಳಗ ಶುರುವಾದಾಗಿನಿಂದ ಇರುವವರು, ಬೇರೆಯವರ ಊಟ ಮೊದಲಾಗಲಿ ಎಂದು ಯಾವಾಗಲೂ ಕೊನೆಯ ಪಂಕ್ತಿಗೇ ಕೂರುವವರು. ತೊವ್ವೆ ಕಲಸದೆ, ಎಲೆಯ ಪಕ್ಕದಲ್ಲಿ ಕೈಯಿಟ್ಟುಕೊಂಡು ತುಪ್ಪಕ್ಕೆ ಕಾಯುತ್ತಿದ್ದರು. ತುಪ್ಪ ಮುಗಿದಿದೆ ಎಂದು ಯಾರೋ ಹೇಳಿದ ಮೇಲೆ, ಆಗಲಿ ಬಿಡಪ್ಪ ಎಂದು ಒಣ ತೊವ್ವೆಯನ್ನೇ ಕಲಸಿ ತಿಂದರು. ನಾನು ಕಂಬದ ಮರೆಯಲ್ಲಿ ನಿಂತಿದ್ದೆ.

ತುಪ್ಪ ಯಾಕೆ ಮುಗಿಯಿತು ಎಂಬ ಪ್ರಶ್ನೆ ಬಂದಾಗ ಯಾರೂ ನನ್ನ ಕಡೆ ನೋಡಲಿಲ್ಲ. ಎಷ್ಟೇ ಧಾರಾಳವಾಗಿ ಬಡಿಸಿದರೂ ಎರಡು ಡಬ್ಬ ಮುಗಿಯುವುದಿಲ್ಲ, ಭಟ್ಟರು ಎರಡು ಡಬ್ಬದ ಬದಲು ಒಂದೂವರೆ ತಂದಿರಬೇಕು ಎಂದು ಯಾರೋ ಹೇಳಿದರು. 'ಇರಬೇಕು' ಎಂಬುದು ಎರಡು ದಿನದಲ್ಲಿ 'ತಂದಿದ್ದಾರೆ' ಆಯಿತು. ವಾಟ್ಸಾಪ್ ಗುಂಪಿನಲ್ಲಿ ಭಟ್ಟರ ಹೆಸರೆತ್ತದೆ ಎಲ್ಲರಿಗೂ ಅರ್ಥವಾಗುವಂತೆ ಮಾತುಗಳು ಬಂದವು. ನವೆಂಬರಿನ ರಾಜ್ಯೋತ್ಸವದ ಊಟವನ್ನು ನೋಯಿಡಾದ ಒಬ್ಬ ಕೇಟರರ್‌ಗೆ ಕೊಡುವ ವಿಷಯ ಮುಂದಿನ ಕಾರ್ಯಕಾರಿ ಸಮಿತಿಯ ಅಜೆಂಡಾದಲ್ಲಿ ಸೇರಿತು. ಲಲಿತಾ ಅಜೆಂಡಾ ಓದಿ ಫೋನನ್ನು ನನ್ನ ಮುಂದಿಟ್ಟಳು. 'ಭಟ್ಟರ ಹೆಸರು ಕೆಡ್ತಾ ಇದೆ. ನೀವು ಸುಮ್ಮನಿದ್ದೀರಿ. ಇದು ನೀವಾ, ಮಾತ್ರೆಯಾ?' ಎಂದು ಕೇಳಿದಳು. ಆ ಸಲ ಮಾತ್ರೆಯ ಮೇಲೆ ಹಾಕಲು ನನಗೆ ಬಾಯಿ ಬರಲಿಲ್ಲ.

ಆದರೂ ಒಂದು ವಾರ ತಳ್ಳಿದೆ. ಫೈಲು ತಳ್ಳುವುದರಲ್ಲಿ ನನಗಿರುವ ಅನುಭವ ಸಣ್ಣದಲ್ಲ. ಭಟ್ಟರಿಗೆ ಬೇಸರವಾಗಿರಲಾರದು, ಅವರಿಗೆ ಹೋಟೆಲಿದೆಯಲ್ಲ ಎಂದು ಟಿಪ್ಪಣಿ ಬರೆದುಕೊಂಡೆ. ಅದನ್ನು ಖಚಿತ ಮಾಡಿಕೊಳ್ಳಲು ಒಂದು ಬೆಳಿಗ್ಗೆ ಅವರ ಹೋಟೆಲಿಗೇ ಹೋದೆ. ಭಟ್ಟರು ಗಲ್ಲಾ ಬಿಟ್ಟು ಬಂದು ನನ್ನೆದುರು ಕೂತರು. ಬನ್ಸ್ ತರಿಸಿದರು. ಮೇಜಿನ ಮೇಲಿನ ನೀರನ್ನು ಬೆರಳಿನಿಂದ ಒರೆಸುತ್ತ ಹೇಳಿದರು:

'ಎರಡು ಡಬ್ಬ ತಂದದ್ದು ರಾಯರೇ. ಸೀಲು ಸಹ ನಿಮ್ಮೆದುರೇ ಒಡೆದದ್ದು. ಬಡಿಸುವಾಗ ನಾನು ಒಳಗೆ ಒಲೆ ಹತ್ತಿರ ಇದ್ದದ್ದು. ಬೇರೆ ಯಾರಾದರೂ ಬಡಿಸಿದ್ದಾದರೆ ಚೆಲ್ಲಿದ್ರು ಅಂತ ಹೇಳಬಹುದಿತ್ತು. ನಿಮ್ಮ ಕೈ ನನಗೆ ಗೊತ್ತುಂಟಲ್ಲ, ಒಂದು ತೊಟ್ಟು ಹೆಚ್ಚು ಹೋಗುವ ಕೈ ಅಲ್ಲ ಅದು. ಹಾಗಾಗಿ ನನ್ನ ಲೆಕ್ಕವೇ ತಪ್ಪಿತಾ ಅಂತ ನನಗೇ ಸಂಶಯ ಬಂದು ಹೋಗಿದೆ ಮಾರಾಯ್ರೆ.'

ಬೇರೆಯವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮನುಷ್ಯ ನನ್ನ ಕೈಯನ್ನು ನಂಬಿ ತನ್ನನ್ನೇ ಅನುಮಾನಿಸುತ್ತಿದ್ದ. ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಮೇಜಿನ ಕೆಳಗೆ ನನ್ನ ಕೈ ತನ್ನ ಪಾಡಿಗೆ ತಾನು ಬೀಡಿ ಕಟ್ಟುತ್ತಿತ್ತು. ಮೇಜಿನ ಮೇಲೆ ನನ್ನ ಮುಖ ಎಂದಿನಂತೆ ಏನನ್ನೂ ಹೇಳಲಿಲ್ಲ. ಬನ್ಸ್ ತಿಂದು ಮುಗಿಸಿ, ಸಮಿತಿಯ ಸಭೆಗೆ ನೀವು ಬರಬೇಡಿ, ನಾನು ಮಾತಾಡುತ್ತೇನೆ ಎಂದು ಹೇಳಿ ಎದ್ದೆ.

ಸಭೆ ಅಧ್ಯಕ್ಷರಾದ ಕುಲಕರ್ಣಿಯವರ ಮನೆಯಲ್ಲಿ, ಆರ್.ಕೆ.ಪುರಂನಲ್ಲೇ. ಕುಲಕರ್ಣಿ ಧಾರವಾಡದವರು, ಇನ್ನೂ ಸೇವೆಯಲ್ಲಿರುವ ದೊಡ್ಡ ಅಧಿಕಾರಿ, ಬಡಿಸುವುದರಲ್ಲಿ ಮಾತ್ರ ಗೊಜ್ಜಿನ ದರ್ಜೆ. ನಾನು ಸಭೆಗೆ ಒಪ್ಪವಾಗಿರಲೆಂದು ಹೊರಡುವಾಗ ಮಾತ್ರೆ ನುಂಗಿದ್ದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಮೊದಲನೆಯ ವಿಷಯವೇ ಅಡಿಗೆಯವರ ಬದಲಾವಣೆ. ನಾನು ಎದ್ದು ನಿಂತು, ತುಪ್ಪ ಮುಗಿದದ್ದು ಭಟ್ಟರಿಂದಲ್ಲ, ನನ್ನಿಂದ, ನನಗೆ ಪಾರ್ಕಿನ್ಸನ್ಸ್ ಕಾಯಿಲೆಯಿದೆ, ಕೈ ಬಗ್ಗಿದರೆ ಬೇಗ ಏಳುವುದಿಲ್ಲ ಎಂದು ಹೇಳಿದೆ. ಆಮೇಲೆ ಇಡೀ ಕೋಣೆ ನಕ್ಕಿತು. ಬೈಪಾಸ್ ರಾಮರಾಯರು ಎದೆ ಹಿಡಿದುಕೊಂಡು ನಕ್ಕರು. ಜೀವಮಾನವಿಡೀ ಜೋಕು ಹೇಳಿ ತಾನೇ ಮೊದಲು ನಗುತ್ತಿದ್ದ ಶೇಷಾದ್ರಿ ಇವತ್ತು ಮುಖದ ಒಂದು ಗೆರೆಯೂ ಅಲ್ಲಾಡದಂತೆ ಜೋಕು ಹೇಳಿದನಲ್ಲ ಎಂದು ಅವರಿಗೆ ಆಶ್ಚರ್ಯ. ನಲವತ್ತು ವರ್ಷದಲ್ಲಿ ನನ್ನ ಯಾವ ಜೋಕಿಗೂ ಅಷ್ಟು ನಗು ಬಂದಿರಲಿಲ್ಲ.

ಇದು ಜೋಕಲ್ಲ ಎಂದೆ. ಇನ್ನೂ ನಕ್ಕರು. ಕಡೆಗೆ ಕುಲಕರ್ಣಿಯವರು ಕಣ್ಣೊರೆಸಿಕೊಂಡು, 'ಶೇಷಾದ್ರಿಯವರ, ಸಾಕು ಮಾಡ್ರಿ ಚೇಷ್ಟಿ. ಹಂಗಿದ್ರ ಒಮ್ಮೆ ತೋರಿಸ್ರಿ ನೋಡೋಣು' ಎಂದರು. ಸರ್ಕಾರಿ ಮನುಷ್ಯ, ಸಾಕ್ಷಿಯಿಲ್ಲದೆ ಒಪ್ಪುವವರಲ್ಲ. ಒಳಗಿನಿಂದ ಅವರ ಹೆಂಡತಿ ಒಂದು ಸಾರಿನ ಸೌಟು, ಪಾತ್ರೆ ತುಂಬ ನೀರು, ಒಂದು ಸ್ಟೀಲಿನ ತಟ್ಟೆ ತಂದಿಟ್ಟರು. ಸೌಟಿನ ತುಂಬ ನೀರು ತೆಗೆದು ತಟ್ಟೆಯ ಮೇಲೆ ಓರೆ ಮಾಡಿದೆ. ಒಂದು ತೊಟ್ಟು ಬಿತ್ತು. ಕೈ ತಕ್ಷಣ ಎದ್ದಿತು. ಮತ್ತೆ ಓರೆ ಮಾಡಿದೆ, ಮತ್ತೆ ಒಂದೇ ತೊಟ್ಟು. ಹೀಗೆ ಹತ್ತು ಸಲ ಹತ್ತು ತೊಟ್ಟು ತಟ್ಟೆಯಲ್ಲಿ ಬೇರೆ ಬೇರೆಯಾಗಿ ಕೂತವು. ಮಾತ್ರೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು. ನನ್ನ ಉಚ್ಛ್ರಾಯ ಕಾಲದಲ್ಲೂ ನಾನು ಅಷ್ಟು ಸ್ವಚ್ಛವಾಗಿ ಬಡಿಸಿದವನಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟಕ್ಕೇ ಮುಗಿದಿದ್ದರೆ ಅವಮಾನ ನನ್ನೊಬ್ಬನದಾಗಿರುತ್ತಿತ್ತು. ಆದರೆ ರಾಮರಾಯರು ಗಂಭೀರವಾಗಿ, ಬಡಪಾಯಿ ಭಟ್ಟರನ್ನು ಉಳಿಸಲು ತನಗೇ ರೋಗ ಬಂದಿದೆ ಎಂದು ಸುಳ್ಳು ಹೇಳುವಷ್ಟು ಈ ಮನುಷ್ಯನ ಮನಸ್ಸು ದೊಡ್ಡದು ಎಂದರು. ಎಲ್ಲರೂ ತಲೆದೂಗಿದರು. ಅಂದರೆ ಏನಾಯಿತು ನೋಡಿ. ಕೈ ಸರಿಯಿದೆ ಎಂದ ಮೇಲೆ ತಪ್ಪು ಭಟ್ಟರದೇ ಎಂದು ಸಾಬೀತಾಯಿತು, ಅದನ್ನು ಸಾಬೀತು ಮಾಡಿದವನು ನಾನೇ, ಮೇಲಾಗಿ ನನ್ನ ಔದಾರ್ಯದ ಕೀರ್ತಿ ಇನ್ನೂ ಒಂದು ಮೆಟ್ಟಿಲು ಏರಿತು. ಬೇಡದಿದ್ದಾಗ ಗುಂಪಿನಲ್ಲಿ ನಡುಗಿ ಮರ್ಯಾದೆ ತೆಗೆಯುವ ಕೈ, ಬೇಕಾದಾಗ ಸರ್ಕಸ್ಸಿನವನ ಕೈಯಾಗಿ ಕೂತಿತ್ತು. ನಾನು ರೋಗಿ ಎಂದು ಒಪ್ಪಿಸಲು ಇಷ್ಟು ಕಷ್ಟಪಡಬೇಕಾದೀತು ಎಂದು ಗೊತ್ತಿದ್ದರೆ, ಎರಡು ವರ್ಷ ಅದನ್ನು ಮುಚ್ಚಿಡಲು ಅಷ್ಟು ಒದ್ದಾಡುತ್ತಿರಲಿಲ್ಲ.

ಆಗ ನನ್ನ ಮೂವತ್ತಾರು ವರ್ಷದ ಸೇವೆ ನೆರವಿಗೆ ಬಂತು. ಈ ವಿಷಯವನ್ನು ಅಜೆಂಡಾದ ಕೊನೆಗೆ ಹಾಕಬೇಕೆಂದು ವಿನಂತಿಸಿದೆ. ಯಾವುದನ್ನಾದರೂ ಮುಂದಕ್ಕೆ ಹಾಕುತ್ತೇವೆಂದರೆ ನಮ್ಮಲ್ಲಿ ವಿರೋಧಿಸುವವರಿಲ್ಲ. ಮೈಕ್ ಸೆಟ್ಟಿನ ರಿಪೇರಿ, ಮಕ್ಕಳ ವೇಷಭೂಷಣ ಸ್ಪರ್ಧೆ, ಕಳೆದ ಸಲದ ನಡಾವಳಿಯಲ್ಲಿ ಬಿಟ್ಟುಹೋದ ಒಬ್ಬರ ಹೆಸರು, ಒಂದೊಂದಕ್ಕೂ ಅರ್ಧರ್ಧ ಗಂಟೆ ಹಿಡಿಯಿತು. ನಾನು ಯಾವ ಸಭೆಯೂ ಇಷ್ಟು ಹೊತ್ತು ನಡೆಯಲಿ ಎಂದು ಹಿಂದೆಂದೂ ಹಾರೈಸಿರಲಿಲ್ಲ. ಮಕ್ಕಳು ಯಾವ ವೇಷ ಹಾಕಬಹುದು ಎಂಬ ಬಗ್ಗೆ ನನಗಿಲ್ಲದ ಅಭಿಪ್ರಾಯಗಳನ್ನೆಲ್ಲ ಹೇಳಿ ಚರ್ಚೆಯನ್ನು ಬೆಳೆಸಿದೆ. ಸಂಜೆಯಾಗುತ್ತ ಬಂದಂತೆ ಪಾದ ಭಾರವಾಯಿತು, ಭುಜ ಬಿಗಿಯಿತು, ಮಾತು ಮೆತ್ತಗಾಯಿತು. ಮಾತ್ರೆ ಇಳಿಯುತ್ತಿತ್ತು. ಮುಂದಿನ ಮಾತ್ರೆ ಜೇಬಿನಲ್ಲೇ ಇತ್ತು, ತೆಗೆದುಕೊಳ್ಳಲಿಲ್ಲ.

ಕೊನೆಯ ವಿಷಯ ಬಂದಾಗ, ಇನ್ನೊಮ್ಮೆ ನೋಡಿ ಎಂದೆ. ಕುಲಕರ್ಣಿಯವರು ನಗುತ್ತಲೇ ತಟ್ಟೆ ಮುಂದಕ್ಕೆ ಸರಿಸಿದರು. ಸೌಟು ತುಂಬಿಸುವಾಗಲೇ ಕೈ ನಡುಗಿ ನೀರು ಪಾತ್ರೆಗೇ ಚೆಲ್ಲಿತು. ಮತ್ತೆ ತುಂಬಿಸಿ ಓರೆ ಮಾಡಿದೆ. ಏಳು ಎಂದೆ. ಏಳಲಿಲ್ಲ. ಇಡೀ ಸೌಟಿನ ನೀರು ತಟ್ಟೆ ತುಂಬಿ, ಅಂಚು ದಾಟಿ, ಆ ದಿನದ ನಡಾವಳಿಯ ಮೇಲೆ ಹರಿದು, ಕುಲಕರ್ಣಿಯವರ ಪ್ಯಾಂಟಿನ ಮೇಲೆ ಇಳಿಯಿತು. ಸೌಟು ಖಾಲಿಯಾದ ಮೇಲೂ ನನ್ನ ಕೈ ಅಲ್ಲೇ ಬಗ್ಗಿಕೊಂಡು ನಡುಗುತ್ತಿತ್ತು. ಯಾರೂ ನಗಲಿಲ್ಲ. ಕುಲಕರ್ಣಿಯವರು ಪ್ಯಾಂಟು ಒರೆಸಿಕೊಳ್ಳಲೂ ಇಲ್ಲ. ಅವರ ಹೆಂಡತಿ ಬಾಗಿಲಿನಿಂದ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೌಟನ್ನು ತೆಗೆದುಕೊಂಡರು. ನನಗೆ ಅಳು ಬಂದಿತ್ತು, ಹಗುರವೂ ಆಗಿತ್ತು. ಮುಖದಲ್ಲಿ ಎರಡೂ ಕಂಡಿರಲಾರವು.

ಭಟ್ಟರ ಕ್ಷಮೆ ಕೇಳಬೇಕೆಂದು ಸರ್ವಾನುಮತದಿಂದ ನಿರ್ಣಯವಾಯಿತು. ಕುಲಕರ್ಣಿಯವರು ಅಲ್ಲಿಂದಲೇ, ಒದ್ದೆ ಪ್ಯಾಂಟಿನಲ್ಲೇ, ಅವರಿಗೆ ಫೋನು ಮಾಡಿ ಕೇಳಿದರು. ಆಮೇಲೆ ಸಮಿತಿ ನನ್ನ ವಿಷಯಕ್ಕೆ ಬಂತು. ಬಹಳ ಗೌರವದಿಂದ ನನ್ನನ್ನು 'ಬಡಿಸುವವರ ಮೇಲ್ವಿಚಾರಕ' ಎಂದು ನೇಮಿಸಿ, ಪಂಕ್ತಿಯ ಪಕ್ಕದಲ್ಲಿ ಒಂದು ಕುರ್ಚಿ ಮಂಜೂರು ಮಾಡಿದರು. ಕೆಲಸಕ್ಕೆ ಬಾರದ ಅಧಿಕಾರಿಗೆ ದೊಡ್ಡ ಹೆಸರಿನ ಹುದ್ದೆ ಕೊಟ್ಟು ಮೂಲೆಗೆ ಕೂರಿಸುವ ಆದೇಶಗಳನ್ನು ನಾನೇ ಎಷ್ಟೋ ಡ್ರಾಫ್ಟ್ ಮಾಡಿದ್ದೇನೆ. ಒಕ್ಕಣೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಸಂತೋಷದಿಂದ ಸ್ವೀಕರಿಸಿದ್ದೇನೆ ಎಂದೆ. ಮನೆಗೆ ಬಂದು ಎರಡು ದಿನ ಹಾರ್ಮೋನಿಯಂ ಮುಚ್ಚಳವನ್ನೂ ತೆರೆಯಲಿಲ್ಲ.

ರಾಜ್ಯೋತ್ಸವದ ದಿನ ಹೊಗೆ ಮುಸುಕಿ ಎದುರಿನ ಕಟ್ಟಡವೂ ಕಾಣುತ್ತಿರಲಿಲ್ಲ. ಕೆಮ್ಮುತ್ತ ಕೆಮ್ಮುತ್ತ ನಾಡಗೀತೆ ಹಾಡಿ ಎಲ್ಲರೂ ಊಟಕ್ಕೆ ಬಂದರು. ನಾನು ಮಂಜೂರಾದ ಕುರ್ಚಿಯಲ್ಲಿ ಕೂತಿದ್ದೆ. ಭಟ್ಟರು ಅಡಿಗೆ ಮನೆಯಿಂದ ಬಂದು ಸಮಿತಿಯವರನ್ನು ಒಂದು ಮಾತೂ ಕೇಳದೆ ಮಿಳ್ಳೆಯನ್ನು ನನ್ನ ಕೈಯಲ್ಲಿಟ್ಟರು. 'ನೀವೇ ಬಡಿಸಿ ರಾಯರೇ. ಮೂರು ಡಬ್ಬ ತಂದಿದ್ದೇನೆ' ಎಂದರು. ಪದ್ಮಕ್ಕನನ್ನು ಈ ಸಲ ಎಲ್ಲರೂ ಬಲವಂತ ಮಾಡಿ ಮೊದಲನೆಯ ಪಂಕ್ತಿಯ ಮೊದಲನೆಯ ಎಲೆಗೇ ಕೂರಿಸಿದ್ದರು. ಲಲಿತಾ ಗಡಿಯಾರ ನೋಡಿ ಸರಿಯಾದ ಹೊತ್ತಿಗೆ ಮಾತ್ರೆ ಕೊಟ್ಟಿದ್ದಳು. ಎದ್ದು ಬಗ್ಗಿದೆ. ಇಡೀ ಸಾಲು ಎಲೆ ಬಿಟ್ಟು ನನ್ನ ಕೈಯನ್ನೇ ನೋಡುತ್ತಿತ್ತು. ಮಿಳ್ಳೆ ಓರೆಯಾಯಿತು, ಒಂದು ತೊಟ್ಟು ಬಿತ್ತು, ಏಳು ಎಂದ ಕೂಡಲೇ ಕೈ ಎದ್ದಿತು. ತೊಟ್ಟು ಶೇಷಾದ್ರಿಯ ಕೈ, ಎಳ್ಳಷ್ಟೂ ನಡುಕವಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು, ಇಡೀ ಬಳಗ ಮೆಚ್ಚಿಕೊಳ್ಳುತ್ತಿತ್ತು.

ಪದ್ಮಕ್ಕನ ತೊವ್ವೆಯ ಮೇಲಿನ ಆ ಒಂದು ತೊಟ್ಟನ್ನು ನೋಡಿದೆ. ಮೂವತ್ತು ವರ್ಷದಿಂದ ಈಕೆ ಕೊನೆಯ ಪಂಕ್ತಿಯಲ್ಲಿ ಕೂತು, ಬಡಿಸಿದಷ್ಟರಲ್ಲಿ ತೃಪ್ತಿಪಟ್ಟು ಎದ್ದು ಹೋದವರು. ಮತ್ತೆ ಬಗ್ಗಿ, ನಾನೇ ಬೇಕೆಂದು, ಮಿಳ್ಳೆಯನ್ನು ಪೂರ್ತಿ ಬಗ್ಗಿಸಿದೆ. ಅದು ಖಾಲಿಯಾಗುವವರೆಗೆ ಹಿಡಿದೆ. ಇನ್ನೊಂದು ತುಂಬಿಸಿ ಅದನ್ನೂ ಸುರಿದೆ. ತುಪ್ಪ ತೊವ್ವೆಯನ್ನು ದಾಟಿ ಕೋಸಂಬರಿಯ ಕಡೆಗೆ ಹೊರಟಿತು. ನನ್ನ ಜೀವಮಾನದಲ್ಲಿ ನಾನು ಸ್ವಂತ ಬುದ್ಧಿಯಿಂದ, ಸ್ವಂತ ಕೈಯಿಂದ ಧಾರಾಳವಾಗಿದ್ದು ಅದೇ ಮೊದಲು. ಪಕ್ಕದ ಎಲೆಯಲ್ಲಿದ್ದ ಮಂಡಿ ಕಮಲಮ್ಮನವರು ಲೊಚಗುಟ್ಟಿದರು. ರಾಮರಾಯರು ಮುಖ ಬೇರೆ ಕಡೆಗೆ ತಿರುಗಿಸಿಕೊಂಡರು. ಪದ್ಮಕ್ಕ ತುಪ್ಪವನ್ನು ನೋಡಿದರು, ನನ್ನ ಕೈಯನ್ನು ನೋಡಿದರು, ಆಮೇಲೆ ಮುಖವೆತ್ತಿ ಬಹಳ ಅಕ್ಕರೆಯಿಂದ ಹೇಳಿದರು:

'ಪರವಾಗಿಲ್ಲ ಬಿಡು ಶೇಷಾದ್ರಿ. ನಿನ್ನ ತಪ್ಪಲ್ಲ.'

ಇಲ್ಲ ಪದ್ಮಕ್ಕ, ಇದು ನಾನೇ ಎಂದು ಹೇಳಿದೆ. ಆಕೆ ಮರುಕದಿಂದ ತಲೆಯಾಡಿಸಿ ತೊವ್ವೆ ಕಲಸತೊಡಗಿದರು. ಕಮಲಮ್ಮನವರು ತಮ್ಮ ಎಲೆಯನ್ನು ಜೋಪಾನವಾಗಿ ನನ್ನ ಕಡೆಗೆ ಒಂದಿಷ್ಟು ಸರಿಸಿ, ಮಿಳ್ಳೆಯ ಮೇಲೆ ಕಣ್ಣಿಟ್ಟು ಕಾಯುತ್ತ ಕೂತಿದ್ದರು.